ಕೋಳಿಯ ಲೆಕ್ಕ, ಕೂಲಿಯ ಲೆಕ್ಕ

ಕರುಣೆಗೂ ಈಗ ಕೆಲಸದ ಜಾಹೀರಾತು ಬರುತ್ತದೆ. ಸಂಶೋಧಕರು ಬೇಕಾಗಿದ್ದಾರೆ, ಕಚೇರಿಗೆ ಬರಬೇಕಾಗಿಲ್ಲ, ಮನೆಯಲ್ಲೇ ಕೂತು ಮಾಡಬಹುದು, ದೇಶದ ಯಾವ ಮೂಲೆಯಲ್ಲಿದ್ದರೂ ಅಡ್ಡಿಯಿಲ್ಲ, ಇಂಗ್ಲಿಷ್ ಚೆನ್ನಾಗಿ ಬರಬೇಕು, ಫಾರಂಗಳಲ್ಲಿ ಸಾಕುವ ಕೋಳಿ, ಹಂದಿ, ದನಗಳ ಹಿಂಸೆ ತಪ್ಪಿಸುವ, ಜನರನ್ನು ಸಸ್ಯಾಹಾರದ ಕಡೆ ತಿರುಗಿಸುವ ಧ್ಯೇಯದಲ್ಲಿ ನಂಬಿಕೆ ಇರಬೇಕು. ಇದು ಅದರ ಧಾಟಿ. ಶಿಕಾರಿಪುರ, ಸೊರಬದ ಹುಡುಗರ ಮೊಬೈಲಿಗೂ ಇದು ಬರುತ್ತಿದೆ. ಶಂಕರಘಟ್ಟದಲ್ಲಿ ಎಂ.ಎ. ಮುಗಿಸಿ, ಅತಿಥಿ ಉಪನ್ಯಾಸಕ ಎಂಬ ಮರ್ಯಾದೆಯ ಹೆಸರಿನ ಕೂಲಿಗೂ ಅರ್ಜಿ ಹಾಕಿ ಕಾದು ಕೂತ ನಮ್ಮಂಥವರಿಗೆ, ಓದುವುದು ಬರೆಯುವುದೇ ಕೆಲಸವಾದ ನೌಕರಿಯೊಂದು ಊರು ಬಿಡದೆ ಸಿಗುತ್ತದೆ ಅಂದರೆ ಸಣ್ಣ ಮಾತಲ್ಲ.

ಸಣ್ಣ ಮಾತಲ್ಲ ಅಂತಲೇ ಇದರ ಬಗ್ಗೆ ಖಾರವಾಗಿ ಮಾತಾಡಬೇಕಾಗಿದೆ. ನಾನು ಕಂಡ ಈ ಸಂಶೋಧನೆಯಲ್ಲಿ ಕೋಳಿಯ ಲೆಕ್ಕ ಇತ್ತು. ಆ ಕೋಳಿಯ ಹಿಕ್ಕೆ ಬಳಿಯುವ ಕೈಗಳ ಲೆಕ್ಕ ಇರಲಿಲ್ಲ. ಯಾರ ತಟ್ಟೆಯಲ್ಲಿ ಮಾಂಸ ಇದೆ ಅನ್ನುವ ಪ್ರಶ್ನೆ ಇತ್ತು. ಯಾರ ತಟ್ಟೆ ಖಾಲಿ ಅನ್ನುವ ಪ್ರಶ್ನೆ ಇರಲಿಲ್ಲ. ಈ ದೇಶದಲ್ಲಿ ಜಾತಿಯನ್ನು ಕೇಳದೆ ಊಟವನ್ನು ಅಳೆಯಲು ಹೊರಟ ವಿದ್ಯೆ ಎಷ್ಟೇ ಒಳ್ಳೆಯ ಮನಸ್ಸಿನಿಂದ ಹೊರಟಿರಲಿ, ಕೊನೆಗೆ ಮೇಲ್ಜಾತಿಯ ಅಡುಗೆಮನೆಗೇ ಹೋಗಿ ಸೇರುತ್ತದೆ. ನನ್ನ ತಕರಾರು ಇದೇ. ಬಿಡಿಸಿ ಹೇಳುತ್ತೇನೆ.

ಮೊದಲು, ಇವರು ಯಾರು ಅಂತ ತಿಳಿಯೋಣ. ಅಮೆರಿಕದಲ್ಲಿ 2000ದಲ್ಲಿ ಶುರುವಾಗಿ ಈಗ ಫೌನಾಲಿಟಿಕ್ಸ್ ಎಂಬ ಹೆಸರಿನಲ್ಲಿರುವ ಸಂಸ್ಥೆಯ ಕೆಲಸವೇ ಪ್ರಾಣಿಗಳ ಪರ ಹೋರಾಡುವವರಿಗೆ ಅಂಕಿ ಅಂಶ ಒದಗಿಸುವುದು. ಮಾಂಸ ಬಿಟ್ಟವರು ಮತ್ತೆ ಯಾಕೆ ತಿನ್ನಲು ಶುರು ಮಾಡುತ್ತಾರೆ, ಯಾವ ಮಾತು ಹೇಳಿದರೆ ಜನರ ಮನಸ್ಸು ತಿರುಗುತ್ತದೆ, ಇಂಥ ಪ್ರಶ್ನೆಗಳ ಮೇಲೆ ಅದು ಅಧ್ಯಯನ ಮಾಡಿದೆ. 2016ರಲ್ಲಿ ಹುಟ್ಟಿದ ಗುಡ್ ಫುಡ್ ಇನ್‌ಸ್ಟಿಟ್ಯೂಟ್ ಎಂಬುದು ಸೋಯಾ, ಬಟಾಣಿ, ಬೇಳೆಗಳಿಂದ ಮಾಂಸದ ರುಚಿಯ ಪದಾರ್ಥ ಮಾಡುವ ಉದ್ಯಮಕ್ಕೆ ಬೆನ್ನೆಲುಬು; ಅದರ ಶಾಖೆ ಭಾರತದಲ್ಲೂ ಇದೆ. ನಮ್ಮ ದೇಶದ ಪ್ರಾಣಿದಯಾ ಸಂಸ್ಥೆಗಳದ್ದೇ ಫಿಯಾಪೋ ಅನ್ನುವ ಒಕ್ಕೂಟ ಇದೆ. ಇಂಥ ಕಡೆಗಳಲ್ಲಿ ಸಂಶೋಧಕನ ಕೆಲಸ ಅಂದರೆ ಲೇಖನಗಳನ್ನು ಓದಿ ಸಾರ ಬರೆಯುವುದು, ಸಮೀಕ್ಷೆಯ ಪ್ರಶ್ನೆ ಮಾಡುವುದು, ಬಂದ ಉತ್ತರಗಳನ್ನು ಸೋಸುವುದು, ಪಂಜರದ ಮೊಟ್ಟೆ ಕೊಳ್ಳುವುದಿಲ್ಲ ಎಂದು ಮಾತು ಕೊಟ್ಟ ಕಂಪನಿಗಳು ಮಾತು ಉಳಿಸಿಕೊಂಡವೇ ಎಂದು ಗಮನಿಸುವುದು. ಒಂದು ಲ್ಯಾಪ್‌ಟಾಪು, ಒಂದು ಕುರ್ಚಿ, ನೆಟ್‌ವರ್ಕು ಇದ್ದರೆ ಸಾಕು.

ವಿದೇಶಿ ಹಣ, ವಿದೇಶಿ ಸಂಚು ಅಂತ ಬೊಬ್ಬೆ ಹಾಕುವವರ ಸಾಲಿಗೆ ನಾನು ಸೇರುವುದಿಲ್ಲ. ಆ ಬೊಬ್ಬೆ ನಮ್ಮ ಸಂಘಟನೆಗಳ ಮೇಲೂ ಬಿದ್ದಿದೆ, ಅದರ ರುಚಿ ನಮಗೆ ಗೊತ್ತು. ಇವರು ಹೇಳುವುದರಲ್ಲಿ ಸುಳ್ಳೂ ಇಲ್ಲ. ಮೊಟ್ಟೆ ಫಾರಂಗಳಲ್ಲಿ ಕೋಳಿಗಳನ್ನು ಸಾಲುಸಾಲು ತಂತಿ ಪಂಜರದಲ್ಲಿ ತುಂಬುತ್ತಾರೆ. ಒಂದು ಕೋಳಿಗೆ ಸಿಗುವ ಜಾಗ ನೀವು ಪರೀಕ್ಷೆ ಬರೆಯುವ ಎ4 ಹಾಳೆಗಿಂತ ಚಿಕ್ಕದು. ರೆಕ್ಕೆ ಬಿಚ್ಚಲಾಗದು. ಒಂದನ್ನೊಂದು ಕುಕ್ಕಬಾರದೆಂದು ಮರಿಯಿದ್ದಾಗಲೇ ಕೊಕ್ಕಿನ ತುದಿ ಸುಡುತ್ತಾರೆ. 2017ರಲ್ಲಿ ಭಾರತದ ಕಾನೂನು ಆಯೋಗವೇ ತನ್ನ 269ನೇ ವರದಿಯನ್ನು ಮೊಟ್ಟೆ ಕೋಳಿ ಮತ್ತು ಮಾಂಸದ ಕೋಳಿಗಳನ್ನು ಸಾಕುವ, ಸಾಗಿಸುವ ರೀತಿಯ ಬಗ್ಗೆ ಬರೆಯಿತು. ಬಾಯ್ಲರ್ ಕೋಳಿಗೆ ಆರು ವಾರ ಆಯಸ್ಸು. ಕಾಲು ಮೈಯ ಭಾರ ಹೊರಲಾರದಷ್ಟು ಬೇಗ ಅದನ್ನು ಬೆಳೆಸುತ್ತಾರೆ. ಇದು ಹಿಂಸೆ ಅಲ್ಲ ಅನ್ನುವವನು ಶೆಡ್ಡಿನ ಒಳಗೆ ಒಮ್ಮೆ ನಿಂತು ಬರಲಿ.

ಶೆಡ್ಡಿನ ಒಳಗೆ ನಿಲ್ಲುವವರು ಯಾರು, ಅದನ್ನೂ ನೋಡೋಣ.

ನಮ್ಮ ಮನೆಯಲ್ಲಿ ಡಿಗ್ರಿ ಮುಟ್ಟಿದವನು ನಾನೇ ಮೊದಲು. ಎಂಟು ತಿಂಗಳು ನಾನೂ ಇಂಥ ಒಂದು ಸಂಸ್ಥೆಗೆ ಮನೆಯಿಂದ ಕೆಲಸ ಮಾಡಿದೆ. ಅದರ ಹೆಸರು ಇಲ್ಲಿ ಬೇಡ, ಜಗಳ ಒಂದು ಸಂಸ್ಥೆಯ ಮೇಲಲ್ಲ. ಸಂಬಳ ಅಲ್ಲ, ತುಂಬಿದ ಫಾರಮ್ಮಿಗೆ ಇಷ್ಟು ಅಂತ. ಉಡುತಡಿಯ ನಮ್ಮ ಕೇರಿಯಲ್ಲಿ ಸಿಗ್ನಲ್ ಸಿಗದ ದಿನ ಏರಿ ಮೇಲೆ ಕೂತು ಕರೆ ಮಾಡುತ್ತಿದ್ದೆ. ಪ್ರಶ್ನೆಗಳು ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಹುಟ್ಟಿ, ಯಾರೋ ಕನ್ನಡಕ್ಕೆ ತಿರುಗಿಸಿ, ನನ್ನ ಹತ್ತಿರ ಬರುತ್ತಿದ್ದವು. ನಾನು ಅವನ್ನು ಓದಿ ಹೇಳಬೇಕು, ಉತ್ತರ ಬರೆದುಕೊಳ್ಳಬೇಕು. ಪ್ರಶ್ನೆ ತಿದ್ದುವ ಅಧಿಕಾರ ನನಗಿರಲಿಲ್ಲ. 'ನಿಮ್ಮ ಆಹಾರಕ್ರಮದಲ್ಲಿ ಸಸ್ಯಾಧಾರಿತ ಪ್ರೋಟೀನ್ ಪರ್ಯಾಯಗಳನ್ನು ಅಳವಡಿಸಿಕೊಳ್ಳಲು ನೀವು ಎಷ್ಟರಮಟ್ಟಿಗೆ ಸಿದ್ಧರಿದ್ದೀರಿ?' ಇಂಥವು. ಇದನ್ನು ಕೇಳಿಸಿಕೊಂಡ ಒಬ್ಬ ಹೆಣ್ಣುಮಗಳು, 'ಸಾಲ ಕೊಡೋ ಸಂಘದವ್ರಾ?' ಅಂತ ಕೇಳಿ ಫೋನಿಟ್ಟಳು. ಆ ಫಾರಮ್ಮಿಗೆ 'ಆಸಕ್ತಿ ಇಲ್ಲ' ಎಂದು ಗುರುತು ಹಾಕಬೇಕು. ನಿಯಮ ಹಾಗಿತ್ತು.

ನಮ್ಮ ದೊಡ್ಡವ್ವ ಕೋಳಿ ಫಾರಂನಲ್ಲಿ ಕೆಲಸ ಮಾಡುತ್ತಾಳೆ. ಈಗ ಬಾಯ್ಲರ್ ವ್ಯವಸ್ಥೆ ಹೇಗಿದೆ ಅಂದರೆ, ಕಂಪನಿ ಮರಿ ಕೊಡುತ್ತದೆ, ಮೇವು ಕೊಡುತ್ತದೆ, ಔಷಧಿ ಕೊಡುತ್ತದೆ. ಶೆಡ್ಡು, ಕರೆಂಟು, ನೀರು, ದುಡಿಮೆ ರೈತನದು. ಕೋಳಿ ಬೆಳೆದ ಮೇಲೆ ಕಿಲೋಗೆ ಇಷ್ಟು ಅಂತ ಸಾಕಾಣಿಕೆ ಕೂಲಿ. ರೈತ ತನ್ನ ಕೂಲಿಯಲ್ಲೇ ಒಂದು ಪಾಲು ಕೊಟ್ಟು ಕೆಳಗೊಬ್ಬಳನ್ನು ಇಟ್ಟುಕೊಳ್ಳುತ್ತಾನೆ. ಅವಳೇ ನಮ್ಮ ದೊಡ್ಡವ್ವ. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ತಿರುವಿ ಹಾಕುವುದು, ಸತ್ತ ಕೋಳಿ ಆರಿಸುವುದು, ಹಿಕ್ಕೆ ತುಂಬುವುದು. ಹಿಕ್ಕೆಯಿಂದ ಏಳುವ ಅಮೋನಿಯಾ ಕಣ್ಣು ಉರಿಸುತ್ತದೆ, ಎದೆ ಹಿಡಿಯುತ್ತದೆ. ರಾತ್ರಿ ಲಾರಿ ಬಂದಾಗ ಕೋಳಿ ಹಿಡಿದು ತುಂಬುವ ಹುಡುಗರು ಬೇರೆ ಗುಂಪು. ಅವರು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಹೋಗುತ್ತಾರೆ, ಬೆಳಗಿನ ಹೊತ್ತಿಗೆ ಅವರ ಮುಂಗೈ ತುಂಬ ಉಗುರಿನ ಗೀರು.

ಕೋಳಿಗೆ ಜಾಗ ಸಾಲುತ್ತಿಲ್ಲ ಅಂತ ದೊಡ್ಡ ದೊಡ್ಡವರು ಬರೆಯುತ್ತಿದ್ದಾರೆ ಎಂದು ನಾನು ಹೇಳಿದಾಗ ದೊಡ್ಡವ್ವ ನಗಲಿಲ್ಲ. 'ಹೌದಪ್ಪಾ, ಅವಕ್ಕೂ ಜೀವ ಐತೆ. ದಿನಾ ಎಷ್ಟು ಕೋಳಿ ಸತ್ವು ಅಂತ ಪಟ್ಟಿಯಾಗೆ ಬರ್ಕಂತಾರೆ ತಮ್ಮಾ. ನಂಗೆ ಎಷ್ಟ್ ಸಲ ಉಸ್ರು ಕಟ್ತು ಅಂತ ಯಾರ್ ಬರ್ಕಂತಾರೆ?' ಅಂದಳು. ನಾನು ತುಂಬುತ್ತಿದ್ದ ಫಾರಮ್ಮುಗಳಲ್ಲಿ ಈ ಪ್ರಶ್ನೆಗೆ ಒಂದು ಕಾಲಮ್ಮೂ ಇರಲಿಲ್ಲ. ಕೋಳಿಯ ಸಾವಿಗೆ ರಿಜಿಸ್ಟರು ಇದೆ. ಕೂಲಿಯವಳ ಕೆಮ್ಮಿಗೆ ಇಲ್ಲ. ಹಕ್ಕಿಗೂ ಹೆಂಗಸಿಗೂ ಒಂದೇ ಗಾಳಿ, ಒಂದೇ ಶೆಡ್ಡು, ಒಬ್ಬನೇ ಯಜಮಾನ. ಒಬ್ಬರ ಸಂಕಟ ಬಿಟ್ಟು ಇನ್ನೊಬ್ಬರ ಸಂಕಟ ಅಳೆಯಲು ಹೇಗೆ ಸಾಧ್ಯ?

ಸಸ್ಯಾಹಾರದ ಪ್ರಚಾರಕ್ಕೆ ಬನ್ನಿ. ಅಮೆರಿಕದವನೊಬ್ಬ ಸರಾಸರಿ ವರ್ಷಕ್ಕೆ ನೂರು ಕಿಲೋ ದಾಟಿ ಮಾಂಸ ತಿನ್ನುತ್ತಾನೆ. ನಮ್ಮ ದೇಶದ ಸರಾಸರಿ ಹತ್ತು ಕಿಲೋ ಮುಟ್ಟುವುದಿಲ್ಲ. ಅಲ್ಲಿ ಹುಟ್ಟಿದ 'ಮಾಂಸ ಕಡಿಮೆ ಮಾಡಿ' ಎಂಬ ಮಾತಿಗೆ ಅಲ್ಲಿ ಅರ್ಥ ಇದೆ. ಅದನ್ನೇ ತಂದು ನಮ್ಮ ಕೇರಿಯ ಬಾಗಿಲಲ್ಲಿ ನಿಂತು ಹೇಳಿದರೆ ಏನರ್ಥ? ವಾರದಲ್ಲಿ ಆರು ದಿನ ನಾವು ತಿನ್ನುವುದು ಸೊಪ್ಪು, ಹುರುಳಿ ಕಟ್ಟು, ಅಕ್ಕಿ ಗಂಜಿ, ಒಣಮೆಣಸಿನಕಾಯಿ ಚಟ್ನಿ. ಇದಕ್ಕಿಂತ ಸಸ್ಯಾಧಾರಿತ ಊಟ ಯಾವುದಿದೆ ಸ್ವಾಮಿ? ಇದನ್ನು ಯಾರೂ ತತ್ವಕ್ಕಾಗಿ ತಿನ್ನುತ್ತಿಲ್ಲ, ಕೈಯಲ್ಲಿ ಕಾಸಿಲ್ಲದೆ ತಿನ್ನುತ್ತಿದ್ದಾರೆ. ಏಳನೆಯ ದಿನ, ಸಂತೆ ದಿನ, ಕಾಲು ಕಿಲೋ ಬಾಡು ತಂದು ಆರು ಜನ ಹಂಚಿಕೊಂಡರೆ ಆ ಏಳನೆಯ ದಿನದ ಮೇಲೆ ಸಮೀಕ್ಷೆ. ಶಿಕಾರಿಪುರ ಸೀಮೆಯ ಹೊಲಗಳು ಮೆಕ್ಕೆಜೋಳದ ಹೊಲಗಳಾಗಿವೆ. ಈ ನಾಡಿನ ಮೆಕ್ಕೆಜೋಳದ ದೊಡ್ಡ ಪಾಲು ಕೋಳಿ ಮೇವಿನ ಕಾರ್ಖಾನೆಗೆ ಹೋಗುತ್ತದೆ. ಅದನ್ನು ಕಳೆ ತೆಗೆದು, ಮುರಿದು, ಒಕ್ಕಿ ಕೊಟ್ಟವಳ ಮಗುವಿಗೆ ಮೊಟ್ಟೆ ತಿಂಗಳಿಗೊಂದು. ಮೊದಲು ಇದನ್ನು ಬರೆದುಕೊಳ್ಳಿ.

ಇನ್ನೊಂದು ಮಾತು ವಿದ್ಯಾರ್ಥಿ ಗೆಳೆಯರು ಗಮನಿಸಬೇಕು. ಈ ದೇಶದಲ್ಲಿ ಊಟದ ಬಗ್ಗೆ ಫೋನಿನಲ್ಲಿ ಕೇಳಿದರೆ ನಿಜ ಹೊರಬರುವುದಿಲ್ಲ. 2018ರಲ್ಲಿ ಬಾಲಮುರಳಿ ನಟರಾಜನ್ ಮತ್ತು ಸೂರಜ್ ಜೇಕಬ್ ಎಂಬ ಇಬ್ಬರು ವಿದ್ವಾಂಸರು 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಬರೆದು ಇದನ್ನೇ ತೋರಿಸಿದರು: ಭಾರತದಲ್ಲಿ ಸಸ್ಯಾಹಾರಿಗಳ ಲೆಕ್ಕ ಇರುವುದಕ್ಕಿಂತ ಹೆಚ್ಚು ಬರುತ್ತದೆ, ಮಾಂಸ ತಿನ್ನುವವರ ಲೆಕ್ಕ, ಅದರಲ್ಲೂ ದನದ ಮಾಂಸ ತಿನ್ನುವವರ ಲೆಕ್ಕ, ಕಡಿಮೆ ಬರುತ್ತದೆ, ಯಾಕೆಂದರೆ ಹೇಳಲು ಹೆದರಿಕೆ, ನಾಚಿಕೆ. 'ಕಳೆದ ವಾರ ದನದ ಮಾಂಸ ತಿಂದಿದ್ದೀರಾ?' ಎಂದು ಗೊತ್ತಿಲ್ಲದ ದನಿಯೊಂದು ಶುದ್ಧ ಕನ್ನಡದಲ್ಲಿ ಕೇಳಿದರೆ ನಮ್ಮ ಕೇರಿಯ ಯಾವ ಗಂಡಸು ಹೌದು ಅಂತಾನೆ? ಪೊಲೀಸಿರಬಹುದು, ದಳದ ಹುಡುಗರಿರಬಹುದು, ಕೆಲಸ ಕೊಟ್ಟ ಗೌಡರ ಕಡೆಯವರಿರಬಹುದು. 'ಇಲ್ಲ ಸಾರ್' ಅಂತಾನೆ. ನಾನು 'ಇಲ್ಲ' ಎಂದು ಬರೆಯುತ್ತೇನೆ. ನನಗೆ ನಿಜ ಗೊತ್ತು, ಅವನಿಗೆ ಗೊತ್ತು, ವರದಿಗೆ ಗೊತ್ತಿಲ್ಲ. ಹೆದರಿಕೆಯಿಂದ ಹುಟ್ಟಿದ ಆ 'ಇಲ್ಲ' ಎಲ್ಲ ಒಟ್ಟುಗೂಡಿ, ಜನ ಮನಸಾರೆ ಮಾಂಸ ಬಿಡುತ್ತಿದ್ದಾರೆ ಎಂಬ ಸಿಹಿಸುದ್ದಿಯಾಗಿ ಅಚ್ಚಾಗುತ್ತದೆ. ಸರ್ಕಾರದ್ದೇ 2014ರ ಎಸ್‌ಆರ್‌ಎಸ್ ಸಮೀಕ್ಷೆಯಲ್ಲಿ ಕರ್ನಾಟಕದ ನೂರಕ್ಕೆ ಸುಮಾರು 79 ಜನ ಮಾಂಸಾಹಾರಿಗಳು. ಹೆದರಿದವರನ್ನು ಬಿಟ್ಟು ಇಷ್ಟು.

ಆ ಹೆದರಿಕೆ ಎಲ್ಲಿಂದ ಬಂತು? ಅದಕ್ಕೂ ನಮ್ಮ ತಾಲೂಕಿಗೂ ನಂಟಿದೆ. 1964ರ ಹಳೆಯ ಕಾಯ್ದೆಯಲ್ಲಿ ಆಕಳನ್ನು ಕಡಿಯುವಂತಿರಲಿಲ್ಲ; ಹನ್ನೆರಡು ವರ್ಷ ದಾಟಿದ, ದುಡಿಯಲಾರದ ಎತ್ತು ಕೋಣಗಳನ್ನು ಮಾರಲು ದಾರಿ ಇತ್ತು. 2020ರ ಗೋಹತ್ಯೆ ನಿಷೇಧ ಕಾಯ್ದೆ 2021ರ ಜನವರಿಯಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂತು. ಆಗ ಮುಖ್ಯಮಂತ್ರಿ ಶಿಕಾರಿಪುರದ ಶಾಸಕರಾಗಿದ್ದ ಯಡಿಯೂರಪ್ಪನವರು. ಎತ್ತು, ಹೋರಿ, ಕರು ಎಲ್ಲಕ್ಕೂ ನಿಷೇಧ. ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ವಿನಾಯಿತಿ. ಶಿಕ್ಷೆ ಮೂರರಿಂದ ಏಳು ವರ್ಷ ಜೈಲು, ದಂಡ 50 ಸಾವಿರದಿಂದ 5 ಲಕ್ಷ. ಮುದಿ ಎತ್ತು ಮಾರಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸ ಎತ್ತು ತರುವುದು ಬಡ ರೈತನ ಲೆಕ್ಕಾಚಾರ. ಆ ದಾರಿ ಮುಚ್ಚಿತು. ಸೀಮೆಹಸು ಗಂಡುಕರು ಹಾಕಿದರೆ ಅದಕ್ಕೆ ಉಳುಮೆಯೂ ಇಲ್ಲ, ಮಾರಾಟವೂ ಇಲ್ಲ. ಹಾಲು ಬಿಡದೆ ಬಡಕಲಾಗಿ ಸಾಯುತ್ತದೆ, ಇಲ್ಲವೇ ಬೀದಿಗೆ ಬೀಳುತ್ತದೆ. ಪ್ರಾಣಿಗಳ ಸಂಕಟವೇ ಅಧ್ಯಯನದ ವಿಷಯ ಎನ್ನುವವರಿಗೆ ಇದಕ್ಕಿಂತ ದೊಡ್ಡ ವಿಷಯ ಬೇಕೇ? ಈ ಕಾಯ್ದೆ ಬಂದ ಮೇಲೆ ಎಷ್ಟು ಗಂಡುಕರು ಹಸಿದು ಸತ್ತವು ಅಂತ ಎಣಿಸಿ ನೋಡೋಣ. ನನ್ನ ಎಂಟು ತಿಂಗಳಲ್ಲಿ ಈ ಪ್ರಶ್ನೆ ಒಮ್ಮೆಯೂ ಬರಲಿಲ್ಲ.

ಈಗ ಮೊಟ್ಟೆಯ ವಿಷಯ. ಮೇಷ್ಟರುಗಳೇ, ಇದು ನಿಮ್ಮ ಶಾಲೆಯ ವಿಷಯ.

2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂತು, ಶಾಲೆ ಮಕ್ಕಳಿಗೆ ಹಾಲು. ಹಸುವಿನ ಕೆಚ್ಚಲಿನಿಂದ ಕರುವಿನ ಬಾಯಿ ಬಿಡಿಸಿ ಕರೆದ ಹಾಲು. ಸಾತ್ವಿಕರು ಯಾರೂ ಬೀದಿಗಿಳಿಯಲಿಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುವಾದಾಗ ಕೆಲವು ಮಠಾಧೀಶರು ಹೋರಾಟದ ಎಚ್ಚರಿಕೆ ಕೊಟ್ಟರು. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಇತ್ತು. ಆದರೂ ಪಕ್ಕದ ಮಗು ತಿನ್ನಬಾರದು! ಆಗ ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ನಮಗೆ ಮೊಟ್ಟೆ ಬೇಕು, ಕೊಡದಿದ್ದರೆ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಮುಖಕ್ಕೆ ಹೇಳಿದ್ದನ್ನು ನಾಡೆಲ್ಲ ನೋಡಿತು. ಅವಳು ಯಾವ ಸಂಶೋಧನೆಯನ್ನೂ ಓದಿರಲಿಲ್ಲ. ಅವಳ ಹೊಟ್ಟೆಗೆ ಗೊತ್ತಿತ್ತು.

ಮರುವರ್ಷ, 2022ರಲ್ಲಿ, ಹೊಸ ಶಿಕ್ಷಣ ನೀತಿಗೆಂದು ರಾಜ್ಯ ಸರ್ಕಾರ ಬರೆಸಿದ ಆರೋಗ್ಯದ ಕುರಿತ ಪತ್ರವೊಂದು ಹೊರಗೆ ಬಂತು. ಸಮಿತಿಯ ಅಧ್ಯಕ್ಷರು ನಿಮ್ಹಾನ್ಸ್‌ನ ಮನೋವೈದ್ಯರು. ಭಾರತೀಯರ ಮೈಕಟ್ಟು ಚಿಕ್ಕದು, ಮೊಟ್ಟೆ ಮಾಂಸ ದಿನವೂ ತಿಂದರೆ ಜೀವನಶೈಲಿಯ ಕಾಯಿಲೆ ಬರುತ್ತದೆ ಎಂಬುದು ಅದರಲ್ಲಿದ್ದ ವಾದ. ಬೊಜ್ಜಿನ ಚಿಂತೆ ಯಾರಿಗೆ? ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆ (2019-21) ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ. ಮೈಕಟ್ಟು ಚಿಕ್ಕದಾದದ್ದು ಹಸಿವಿನಿಂದ. ಹಸಿವು ಮಾಡಿದ ಗಾಯವನ್ನೇ ತೋರಿಸಿ ಊಟ ಬೇಡ ಅನ್ನುವ ವಿದ್ಯೆ ಇದು.

ಆ ಪತ್ರವನ್ನು ಪ್ರಾಣಿದಯಾ ಸಂಸ್ಥೆಗಳು ಬರೆದವು ಎಂದು ನಾನು ಹೇಳುತ್ತಿಲ್ಲ. ಅವರ ಸಿದ್ಧಾಂತದಲ್ಲಿ ಹಾಲೂ ಹಿಂಸೆಯೇ, ತುಪ್ಪವೂ ಹಿಂಸೆಯೇ. ಆ ಮಟ್ಟಿಗೆ ಅವರು ಮಠಗಳಿಗಿಂತ ಪ್ರಾಮಾಣಿಕರು. ಆದರೆ ಅವರ ಪುಸ್ತಕದಲ್ಲಿ ಹಾಲು, ಮೊಟ್ಟೆ, ಮಾಂಸ ಒಂದೇ ಸಾಲಿನಲ್ಲಿದ್ದರೂ ಈ ನೆಲಕ್ಕೆ ಇಳಿದಾಗ ಏನಾಗುತ್ತದೆ? ಹಾಲಿನ ವಾದ ಮೇಲೇ ತೇಲಿ ಹೋಗುತ್ತದೆ, ಮೊಟ್ಟೆ ಮಾಂಸದ ವಾದ ಕೆಳಗೆ ಬಂದು ನಮ್ಮ ಮಗುವಿನ ತಟ್ಟೆಗೆ ಕೈ ಹಾಕುತ್ತದೆ. ತುಪ್ಪ ತಿನ್ನುವವನ ಮನೆಗೆ ಯಾವ ದಳವೂ ನುಗ್ಗಿಲ್ಲ. ಕತ್ತಿಯನ್ನು ಯಾರು ಮಾಡಿದರು ಎಂಬುದಕ್ಕಿಂತ ಅದು ಯಾರ ಕೈಗೆ ಸಿಗುತ್ತದೆ ಎಂಬುದು ಇಲ್ಲಿ ಮುಖ್ಯ. ಇದು ಗೊತ್ತಿಲ್ಲದ ಸಂಶೋಧಕ ಮುಗ್ಧ. ಗೊತ್ತಿದ್ದೂ ಸುಮ್ಮನಿರುವವನು ಪಾಲುದಾರ.

ಸಂಶೋಧನೆ ಹೀಗೂ ಮಾಡಬಹುದು ಎಂಬುದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆ ಇದೆ. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಕೊಟ್ಟ ಯಾದಗಿರಿ ಜಿಲ್ಲೆಯ ಮಕ್ಕಳನ್ನೂ ಕೊಡದ ಗದಗ ಜಿಲ್ಲೆಯ ಮಕ್ಕಳನ್ನೂ ತೂಗಿ ನೋಡಿದರು. ಮೊಟ್ಟೆ ತಿಂದ ಮಕ್ಕಳ ತೂಕ ಹೆಚ್ಚು ಏರಿತ್ತು. ತಕ್ಕಡಿಗೆ ಮಡಿ ಮೈಲಿಗೆ ಇಲ್ಲ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನು. ಗಿಡದ ಆಹಾರದಲ್ಲಿ ಸಿಗದ ಬಿ12 ಜೀವಸತ್ವವೂ ಇದೆ. ಬೆಂಗಳೂರಿನ ಸಸ್ಯಾಹಾರಿ ಸಂಶೋಧಕ ಅದನ್ನು ಮಾತ್ರೆಯಲ್ಲಿ ನುಂಗುತ್ತಾನೆ. ನಮ್ಮ ಕೇರಿಯ ಮಗುವಿಗೆ ಆ ಮಾತ್ರೆ ಯಾರು ತಂದು ಕೊಡುತ್ತಾರೆ? ಆ ತೂಕದ ಮಾತು ಗೆದ್ದಿತು. ಮುಂದೆ ಮೊಟ್ಟೆ ಎಲ್ಲ ಜಿಲ್ಲೆಗಳಿಗೂ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ಕೊಡಲು ಒಪ್ಪಿದ ಮೇಲೆ ವಾರಕ್ಕೆ ಎರಡು ದಿನದ ಮೊಟ್ಟೆ ಆರು ದಿನದ್ದಾಯಿತು. ಆಗ ಶಾಲಾ ಶಿಕ್ಷಣ ಸಚಿವರು ನಮ್ಮ ಪಕ್ಕದ ಸೊರಬದ ಶಾಸಕ ಮಧು ಬಂಗಾರಪ್ಪ. ದನದ ಕಾಯ್ದೆ ಶಿಕಾರಿಪುರದ ಕಡೆಯಿಂದ, ಮೊಟ್ಟೆ ಸೊರಬದ ಕಡೆಯಿಂದ. ಎರಡೂ ನಮ್ಮ ತಟ್ಟೆಯ ಮೇಲೇ. ಎರಡು ಸಲವೂ ನಮ್ಮ ಕೇರಿಯನ್ನು ಯಾರೂ ಕೇಳಲಿಲ್ಲ ಅನ್ನುವುದೂ ನೆನಪಿರಲಿ. ಕೊಟ್ಟದ್ದು ದಾನವಾಗಿದ್ದರೆ ನಾಳೆ ಕಿತ್ತುಕೊಳ್ಳಲೂಬಹುದು. ಹಕ್ಕಾಗಬೇಕು.

'ಹಾಗಾದರೆ ನೀವು ಕೊಲ್ಲುವ ಪರವೋ?' ಎಂದು ಕೇಳುವವರಿಗೆ ಒಂದು ಉತ್ತರ. ಮಾಂಸ ಬಿಡುವ ಮಾತು ದಲಿತ ಚಳವಳಿಗೆ ಹೊಸದಲ್ಲ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದು ಕರೆಕೊಟ್ಟರು. ಅದು ನಮ್ಮವರು ನಮ್ಮವರಿಗೆ, ಮಾನಕ್ಕಾಗಿ ಹೇಳಿದ ಮಾತು. ಅದೇ ಬಾಬಾಸಾಹೇಬರು 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಅಸ್ಪೃಶ್ಯತೆಯ ಬೇರನ್ನು ಹುಡುಕುತ್ತಾ ದನದ ಮಾಂಸದ ಪ್ರಶ್ನೆಗೇ ಬಂದು ಮುಟ್ಟಿದರು. ತಟ್ಟೆಯನ್ನು ನೋಡಿ ಮನುಷ್ಯನನ್ನು ಹೊರಗಿಟ್ಟ ಚರಿತ್ರೆ ಅದು. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದ ದಲಿತ ಯುವಕರನ್ನು ಕಾರಿಗೆ ಕಟ್ಟಿ ಬಡಿದಾಗ, ಅಲ್ಲಿನ ದಲಿತರು ಸತ್ತ ದನಗಳನ್ನು ತಂದು ಸರ್ಕಾರಿ ಕಚೇರಿ ಮುಂದೆ ಹಾಕಿ, ನಿಮ್ಮ ತಾಯಿಯನ್ನು ನೀವೇ ಹೂಳಿಕೊಳ್ಳಿ ಎಂದರು. ದನವನ್ನು ಬದುಕಿದಾಗ ಪೂಜಿಸಿ ಸತ್ತಾಗ ಮುಟ್ಟದವನ ಕರುಣೆ ಎಂಥದ್ದು ಎಂದು ಅವತ್ತು ದೇಶ ನೋಡಿತು. ನಾವು ಬಿಡುವುದಿದ್ದರೆ ನಾವೇ ಬಿಡುತ್ತೇವೆ. ಬಿಡಿಸಲು ಬರಬೇಡಿ.

ಕರುಣೆ ಈ ಮಣ್ಣಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಉಡುತಡಿಯಲ್ಲಿ ಹುಟ್ಟಿದ ಅಕ್ಕ ಕಾಡಿನ ಹಕ್ಕಿ ಪಕ್ಕಿಗಳನ್ನು ನಿಲ್ಲಿಸಿ ಮಾತಾಡಿಸಿದವಳು, ಅವುಗಳನ್ನು ದಾರಿ ಕೇಳಿದವಳು. ಅರಸನ ಒಡವೆ ವಸ್ತ್ರ ಎಸೆದು ಕಲ್ಯಾಣದ ಕಡೆ ನಡೆದವಳು. ಅವಳು ಸೇರಿದ ಆ ಕಲ್ಯಾಣದ ಶರಣರಲ್ಲಿ ಚರ್ಮದ ಕೆಲಸದ ಹರಳಯ್ಯನೂ ಇದ್ದ, ಮಾದಾರ ಧೂಳಯ್ಯನೂ ಇದ್ದ. ಅವರನ್ನು ಹೊರಗೆ ನಿಲ್ಲಿಸಿ ಹಕ್ಕಿಗೆ ಮಾತ್ರ ಮರುಗುವ ಕರುಣೆ ಅವರದಾಗಿರಲಿಲ್ಲ. ಅಕ್ಕ ಹಕ್ಕಿಯನ್ನೂ ಕೇಳಿದಳು. ಈಗಿನವರು ಮನುಷ್ಯರನ್ನೂ ಕೇಳುವುದಿಲ್ಲ. ಕೇಳಿದರೂ ಬರೆದುಕೊಟ್ಟ ಐದು ಉತ್ತರಗಳಲ್ಲಿ ಒಂದನ್ನು ಆರಿಸು ಅಂತಾರೆ. ದೊಡ್ಡವ್ವನ ಉತ್ತರ ಆ ಐದರಲ್ಲಿ ಇಲ್ಲ.

'ದನಿ ಇಲ್ಲದವರ ದನಿ ನಾವು' ಎನ್ನುವುದು ಪ್ರಾಣಿದಯೆಯವರ ಪ್ರೀತಿಯ ಮಾತು. ಕೋಳಿಗೆ ಮಾತು ಬರುವುದಿಲ್ಲ, ನಿಜ, ಅದರ ಪರ ಯಾರಾದರೂ ಮಾತಾಡಬೇಕು. ಆದರೆ ಕೋಳಿಯ ಪಕ್ಕದಲ್ಲೇ ನಿಂತವಳಿಗೆ ಮಾತು ಬರುತ್ತದೆಯಲ್ಲ? ಆ ಹಕ್ಕಿಗೆ ಯಾವಾಗ ಬಾಯಾರಿಕೆ, ಯಾವಾಗ ಹೆದರಿಕೆ, ಯಾವ ಮೇವು ಹಾಕಿದ ದಿನ ಕಾಲು ಮಡಚಿ ಬೀಳುತ್ತದೆ, ಇದೆಲ್ಲ ಅವಳಿಗೆ ಗೊತ್ತು. ಬೆರಳ ತುದಿಯಲ್ಲಿದೆ. ಅವಳ ಆ ತಿಳಿವಳಿಕೆಗೆ ಸಂಶೋಧನೆ ಎಂಬ ಹೆಸರಿಲ್ಲ, ಅದನ್ನು ಕೇಳದೆ ಬರೆದ ಪುಟಗಳಿಗೆ ಆ ಹೆಸರಿದೆ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಅಂದಾಗ ದೊಡ್ಡವರಿಗೆಲ್ಲ ಸಿಟ್ಟು ಬಂದಿತ್ತು. ಬೂಸಾ ದನಕ್ಕಾದರೂ ಆಗುತ್ತದೆ. ಕೊಟ್ಟಿಗೆಯವರನ್ನು ಕೇಳದೆ ಕೊಟ್ಟಿಗೆಯ ಬಗ್ಗೆ ಬರೆದದ್ದು ದನಕ್ಕೂ ಬೇಡ.

ನೌಕರಿಯ ಮಾತಿಗೆ ಮರಳಿ ಬರುತ್ತೇನೆ. ಕಾಯಂ ಕೆಲಸಕ್ಕೆ ಅರ್ಜಿ ಹಾಕಿದಾಗ ವಿಡಿಯೋ ಕರೆಯಲ್ಲಿ ನನ್ನನ್ನು ಕೇಳಿದ ಪ್ರಶ್ನೆ, ಮನೆಯಲ್ಲಿ ಮಾಂಸ ಮಾಡುತ್ತೀರಾ ಎಂದು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಓನರು ಕೇಳುವ ಪ್ರಶ್ನೆಯೂ ಇದೇ ಅಲ್ಲವೇ? ಕೇಳಿದ ಹುಡುಗಿಗೆ ಬಹುಶಃ ಅದು ಗೊತ್ತಿರಲಿಲ್ಲ, ಅವಳಿಗೆ ಅದು ಧ್ಯೇಯದ ಪ್ರಶ್ನೆ. ನನಗೆ ಅದು ಕೇರಿಯ ಪ್ರಶ್ನೆ. ಮಾಡುತ್ತೇವೆ ಎಂದೆ. ಕೆಲಸ ಬರಲಿಲ್ಲ. ಊಟದ ಪರೀಕ್ಷೆ ಇಟ್ಟರೆ ಒಳಗೆ ಹೋಗುವವರು ಯಾರು ಎಂದು ಹೇಳಲು ಸಮೀಕ್ಷೆ ಬೇಡ. ಹುಟ್ಟಿನಿಂದಲೇ ಪಾಸಾದವರಿದ್ದಾರೆ. ಅವರು ಸಂಶೋಧಕರಾಗುತ್ತಾರೆ, ನಾವು ಅಂಕಿ ಅಂಶ ಆಗುತ್ತೇವೆ.

ಆದ್ದರಿಂದ, ಪ್ರಾಣಿಗಳ ಪರ ನಿಜವಾಗಿ ನಿಂತಿರುವ ಸಂಗಾತಿಗಳೇ, ನಿಮ್ಮ ಮುಂದೆ ನಮ್ಮ ಬೇಡಿಕೆ ಇಷ್ಟು. ಒಂದು, ಕೋಳಿ ಫಾರಂ ಬಗ್ಗೆ ಬರೆಯುವ ಪ್ರತಿ ವರದಿಯಲ್ಲೂ ಹಕ್ಕಿಗೆ ಸಿಕ್ಕ ಜಾಗದ ಪಕ್ಕ ಕೂಲಿಯವಳಿಗೆ ಸಿಕ್ಕ ಕೂಲಿ, ಅವಳ ಎದೆಯ ಕಾಯಿಲೆ, ಅವಳ ಜಾತಿ ದಾಖಲಾಗಲಿ. ಎರಡು, ಶಾಲೆಯ ಮೊಟ್ಟೆಗೆ ಕೈ ಹಾಕುವುದಿಲ್ಲ ಎಂದು ಬಹಿರಂಗವಾಗಿ ಹೇಳಿ. ಪಂಜರ ತೆಗೆಸುವ ಹೋರಾಟವನ್ನು ಕಂಪನಿ ಮಾಲೀಕನ ಬಾಗಿಲಿನಿಂದ, ಸ್ಟಾರ್ ಹೋಟೆಲಿನ ಅಡುಗೆಮನೆಯಿಂದ ಶುರು ಮಾಡಿ, ಅಲ್ಲಿ ನಾವೂ ಬರುತ್ತೇವೆ. ಮೂರು, 2020ರ ಕಾಯ್ದೆ ದನಗಳಿಗೆ ಏನು ಮಾಡಿತು, ಮನುಷ್ಯರಿಗೆ ಏನು ಮಾಡಿತು ಎಂದು ಅಧ್ಯಯನ ಮಾಡಿ, ಬಂದ ಉತ್ತರವನ್ನು ಮುಚ್ಚಿಡದೆ ಅಚ್ಚು ಹಾಕಿ. ನಾಲ್ಕು, ಪ್ರಶ್ನೆಗಳು ಕನ್ನಡದಲ್ಲಿ ಹುಟ್ಟಲಿ, ಕೇರಿಯಲ್ಲಿ ಹುಟ್ಟಲಿ. ಅವನ್ನು ಮಾಡುವ ಕೆಲಸ ನಮಗೆ ಕೊಡಿ, ಫಾರಮ್ಮಿನ ಲೆಕ್ಕದಲ್ಲಲ್ಲ, ಬೆಂಗಳೂರಿನವನಿಗೆ ಕೊಡುವ ಸಂಬಳದಲ್ಲೇ. ಊಟದ ಪರೀಕ್ಷೆ ತೆಗೆದುಹಾಕಿ.

ಇನ್ನು ನಮ್ಮವರಿಗೆ. ಅವರು ಬಂದು ಕೇಳಲಿ ಅಂತ ಕಾಯಬೇಕಾಗಿಲ್ಲ. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರ ಭದ್ರಾವತಿ ನಮ್ಮದೇ ಜಿಲ್ಲೆ. ಅವರು ಯಾರ ಅನುಮತಿ ಕೇಳಿ ಎಣಿಸಲು ಕೂತಿರಲಿಲ್ಲ. ಮೇಷ್ಟರೇ, ನಿಮ್ಮ ಶಾಲೆಯಲ್ಲಿ ತೂಕದ ಯಂತ್ರ ಇದೆ, ಹಾಜರಿ ಪುಸ್ತಕ ಇದೆ. ತಿಂಗಳಿಗೊಮ್ಮೆ ಮಕ್ಕಳನ್ನು ತೂಗಿ ಬರೆದಿಡಿ. ಮೊಟ್ಟೆ ಬೇಯಿಸುವ ಅಕ್ಕನಿಗೆ ಕೂಲಿ ಅನ್ನದೆ ಗೌರವಧನ ಎಂದು ಎಷ್ಟು ಕೊಡುತ್ತಾರೆ, ಯಾವ ತಿಂಗಳು ಕೊಡುತ್ತಾರೆ, ಅದನ್ನೂ ಬರೆದಿಡಿ. ಕಾಲೇಜು ಓದುವ ತಮ್ಮಂದಿರೇ, ತಂಗಿಯರೇ, ಮುಂದಿನ ರಜೆಯಲ್ಲಿ ನಿಮ್ಮ ಊರಿನ ಶೆಡ್ಡುಗಳಿಗೆ ಹೋಗಿ. ಎಷ್ಟು ಕೋಳಿ, ಎಷ್ಟು ಕೂಲಿ, ಯಾವ ಕೇರಿಯವರು, ಎಷ್ಟು ಗಂಟೆ ದುಡಿಮೆ, ಮೂಗಿಗೆ ಕಟ್ಟಲು ಬಟ್ಟೆ ಕೊಟ್ಟಿದ್ದಾರೋ ಇಲ್ಲವೋ, ಒಂದು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ. ಸೊರಬದಿಂದ ಒಂದು, ಶಿಕಾರಿಪುರದಿಂದ ಒಂದು, ಸಾಗರದಿಂದ ಒಂದು ಬಂದರೂ ಸಾಕು. ಅದೇ ನಮ್ಮ ಮೊದಲ ವರದಿ. ಮೊದಲ ಪುಟದಲ್ಲಿ ದೊಡ್ಡವ್ವನ ಪ್ರಶ್ನೆ ಇರಲಿ, ಅವಳ ಮಾತಿನಲ್ಲೇ ಇರಲಿ. ಬೇಕಾದವರು ಅದನ್ನು ಇಂಗ್ಲಿಷಿಗೆ ಮಾಡಿಕೊಳ್ಳಲಿ.